ಸುಡಾನಿನವರಿಗೆ ಆಡಿ ತಿಂಗಳಿಲ್ಲ

ಮನುಷ್ಯನ ಅಂತಃಕರಣಕ್ಕೆ ಗಡಿಗಳಿಲ್ಲ. ಭೂಮಂಡಲದ ಯಾವ ಮೂಲೆಯಲ್ಲಿ ಯಾರು ನೊಂದರೂ ಅದು ಮಿಡಿಯುತ್ತದೆ. ಈ ವಾಕ್ಯವನ್ನು ವಿದ್ಯಾರ್ಥಿಗಳ ಪ್ರತಿ ಹೊಸ ತಂಡಕ್ಕೂ ನಾನೇ ಬರೆಸುತ್ತೇನೆ, ಪರೀಕ್ಷೆಯಲ್ಲಿ ಇದಕ್ಕೆ ಅರ್ಧ ಅಂಕ ಸಿಕ್ಕರೂ ಸಿಗಬಹುದು. ಉಳಿದಂತೆ, ಚೆನ್ನೈನ ಪೋರೂರಿನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಂತಃಕರಣವು ಎರಡನೇ ಮಹಡಿಯಿಂದ ನೆಲಮಹಡಿಗೆ ಇಳಿಯುವಷ್ಟರಲ್ಲಿ ದಣಿದು ಕೂತುಬಿಡುವುದನ್ನು ಕಣ್ಣಾರೆ ಕಂಡಿದ್ದೇನೆ. ಲಿಫ್ಟ್ ಇದೆ, ಆದರೂ.

ನನ್ನ ಹೆಂಡತಿ ಗಿರಿಜಾಳ ಬ್ಯಾಂಕು ಅವಳನ್ನು ಕುಣಿಗಲ್ಲಿನಿಂದ ಇಲ್ಲಿಗೆ ವರ್ಗ ಮಾಡಿದಾಗ, ಸಾಮಾನಿನ ಲಾರಿಯ ಜೊತೆಗೆ ನಾನೂ ಬಂದೆ. ಮೊದಲ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ, ನನಗಿಂತ ಒಂದು ಗೇಣು ಎತ್ತರದ ಹೆಂಗಸು, ತಲೆಯಿಂದ ಪಾದದವರೆಗೆ ಹಳದಿ ಬಟ್ಟೆ ಸುತ್ತಿಕೊಂಡು ನಿಂತಿದ್ದಳು. "ತಣ್ಣಿ ವಂದಿಡುಚ್ಚು ಸಾರ್, ಸೀಕ್ರಂ ಪುಡಿಂಗೊ" ಎಂದಳು. ನೀರು ಬಂದಿದೆ, ಬೇಗ ಹಿಡಿದುಕೊಳ್ಳಿ ಎಂದು. ತಮಿಳರು ಹೀಗೂ ಇರುತ್ತಾರೆಯೇ ಎಂದುಕೊಂಡು ಬಕೆಟ್ಟು ತರಲು ಓಡಿದೆ. ಅವಳು ಸುಡಾನಿನವಳು, ಹೆಸರು ಹನಾನ್ ಎಂದು ಸಂಜೆ ತಿಳಿಯಿತು. ಚೆನ್ನೈಯಲ್ಲಿ ನನಗೆ ಮೊದಲ ತಮಿಳು ಪಾಠ ಹೇಳಿದವಳು ನೈಲ್ ನದಿಯ ದಂಡೆಯವಳು.

ಹನಾನ್ ತನ್ನ ಅಪ್ಪನನ್ನು ಮೂತ್ರಪಿಂಡದ ಚಿಕಿತ್ಸೆಗೆಂದು ಪೋರೂರಿನ ಆಸ್ಪತ್ರೆಗೆ ಕರೆತಂದಿದ್ದಳು. ಕೆಲವು ತಿಂಗಳ ಮಾತು ಎಂದುಕೊಂಡು ಬಂದವರು. ಅಷ್ಟರಲ್ಲಿ ಅವರ ದೇಶದ ಇಬ್ಬರು ಸೇನಾಪತಿಗಳು ಪರಸ್ಪರ ಯುದ್ಧ ಹೂಡಿದರು, ಹಿಂದಿರುಗಬೇಕಾದ ಮನೆಯ ಮೇಲೆ ಯಾರ ಗುಂಡು ಬಿತ್ತೆಂಬುದೂ ಗೊತ್ತಾಗಲಿಲ್ಲ. ಅಪ್ಪನಿಗೆ ದಿನ ಬಿಟ್ಟು ದಿನ ರಕ್ತ ಶುದ್ಧಿ ಮಾಡಿಸಬೇಕು. ನೆಲಮಹಡಿಯ ಬಾಡಿಗೆ ಮನೆಯಿಂದ ಆಸ್ಪತ್ರೆಗೆ ಅವರು ನಿಧಾನವಾಗಿ ನಡೆದೇ ಹೋಗಬಲ್ಲರು. ಬೇರೆ ಮನೆ ಹುಡುಕೋಣವೆಂದರೆ, 'ಟು-ಲೆಟ್' ಬೋರ್ಡು ಇದ್ದ ಮನೆಗಳೆಲ್ಲ ಇವಳ ಮುಖ ಕಂಡೊಡನೆ ಭರ್ತಿಯಾಗುತ್ತಿದ್ದವು.

ನನಗೂ ಅವರಿಗೂ ಸಂಬಂಧ ಬೆಳೆದದ್ದು ವಿಶ್ವಭ್ರಾತೃತ್ವದಿಂದಲ್ಲ, ಮುದ್ದೆಯಿಂದ. ಇಲ್ಲಿ ಮುದ್ದೆಗೆ ಕಳಿ ಎನ್ನುತ್ತಾರೆ; ಕಳಿ ತಿನ್ನುವುದು ಎಂದರೆ ಜೈಲಿಗೆ ಹೋಗುವುದು ಎಂಬ ಮಾತೂ ಇದೆ. ನಮ್ಮ ಮನೆಯಲ್ಲಿ ದಿನಾ ಕಳಿಯೇ ಎಂದು ಶಾಲೆಯಲ್ಲಿ ಹೇಳಿ ನಮ್ಮ ಮಗಳು ಸಿರಿ ಒಂದು ವಾರ ಖೈದಿಯ ಮಗಳಾಗಿದ್ದಳು. ಇಂಥ ಊರಿನಲ್ಲಿ ಹನಾನ್ ಒಂದು ಭಾನುವಾರ ತಟ್ಟೆ ತಂದುಕೊಟ್ಟಳು. ಜೋಳದ ಹಿಟ್ಟಿನ ದುಂಡನೆಯ ಮುದ್ದೆ, ಸುತ್ತ ಬೆಂಡೆಕಾಯಿಯ ಸಾರು! ಅಸೀದಾ ಎಂದು ಅದರ ಹೆಸರಂತೆ. ನಾನು ಮುರಿದು, ಅದ್ದಿ, ಜಗಿಯದೆ ನುಂಗಿದೆ. ಅವಳು ದಿಟ್ಟಿಸಿ ನೋಡಿ, ಅಪ್ಪನನ್ನು ಕರೆದು ತೋರಿಸಿದಳು. ಆ ಹಿರಿಯರು ಅರಬ್ಬಿಯಲ್ಲಿ ಏನೋ ಅಂದರು. "ಇವನಿಗೆ ತಿನ್ನಲು ಯಾರು ಕಲಿಸಿದರು ಅಂತ ಕೇಳ್ತಿದ್ದಾರೆ" ಎಂದಳು. ಕುಣಿಗಲ್ಲಿನ ಕೀರ್ತಿ ಅಂದು ಖಾರ್ಟೂಮಿನವರೆಗೆ ಹಬ್ಬಿತು.

ನನ್ನ ಉದ್ಯೋಗ ತಿಳಿದ ಮೇಲೆ ಅವಳು ಒಮ್ಮೆ ನೇರವಾಗಿಯೇ ಕೇಳಿದಳು. ನಾನು ಆಡಳಿತ ಸೇವೆಯ ಪರೀಕ್ಷೆಗೆ ಕೂರುವವರಿಗೆ ಅಂತರರಾಷ್ಟ್ರೀಯ ಸಂಬಂಧಗಳನ್ನು ಕಲಿಸುವ ಮೇಷ್ಟ್ರು. "ಕೆಲವು ಯುದ್ಧಕ್ಕೆ ಜಗತ್ತು ಮರುದಿನವೇ ಎದ್ದು ನಿಲ್ಲುತ್ತೆ. ನಮ್ಮದಕ್ಕೆ ಯಾಕಿಲ್ಲ? ನಿಮಗೆ ಗೊತ್ತಿರಬೇಕಲ್ಲ ಸರ್."

ಗೊತ್ತಿತ್ತು. ಐದು ಅಂಶಗಳಲ್ಲಿ ಗೊತ್ತಿತ್ತು. ಬಲಾಢ್ಯ ದೇಶಗಳಿಗೆ ಅಲ್ಲಿ ನೇರ ಹಿತಾಸಕ್ತಿ ಕಡಿಮೆ. ಇದ್ದವರ ಹಿತಾಸಕ್ತಿ ಒಬ್ಬೊಬ್ಬರದು ಒಂದೊಂದು ಕಡೆ. ವಿಶ್ವಸಂಸ್ಥೆಯ ದೊಡ್ಡ ಮೇಜಿನ ಸುತ್ತ ಒಬ್ಬರು ಬೇಡವೆಂದರೂ ಸಾಕು, ಉಳಿದವರು ಕೈಕಟ್ಟಿ ಕೂರಬೇಕು. ಕ್ಯಾಮೆರಾ ಹೋಗಲಾಗದ ಕಡೆಯ ಸುದ್ದಿ ಬರುವುದಿಲ್ಲ, ಸುದ್ದಿ ಬರದ ಕಡೆ ಕರುಣೆಯೂ ಬರುವುದಿಲ್ಲ. ಕೊನೆಯದಾಗಿ, ಇಬ್ಬರಲ್ಲಿ ಒಳ್ಳೆಯವನು ಯಾರೆಂದು ತೀರ್ಮಾನವಾಗದ ಜಗಳ ನೋಡುವವರಿಗೆ ಬೇಗ ಬೇಸರ ತರಿಸುತ್ತದೆ. ಬೆರಳು ಮಡಚುತ್ತ ಹೇಳಿದೆ. ಬಹಳ ಚೆನ್ನಾಗಿ ಹೇಳಿದೆ ಎಂದು ನನಗೇ ಅನಿಸಿತು.

ಹನಾನ್ ತಾಳ್ಮೆಯಿಂದ ಕೇಳಿದಳು. "ಐದೂ ಸರಿ ಇದೆ. ಊರಲ್ಲಿದ್ದಾಗ ಬೇರೆಯವರ ಯುದ್ಧ ಟೀವಿಯಲ್ಲಿ ಬಂದರೆ ನಾವೂ ಚಾನೆಲ್ ಬದಲಾಯಿಸ್ತಿದ್ವಿ" ಎಂದು ಹೇಳಿ, ಅಪ್ಪನ ಮಾತ್ರೆಯ ಹೊತ್ತಾಯಿತೆಂದು ಎದ್ದಳು.

ಈ ಐದು ಅಂಶಗಳನ್ನು ಕಣ್ಣೆದುರಿಗೆ ನೋಡುವ ಭಾಗ್ಯ ನನಗೆ ಬೇಗನೆ ಒದಗಿತು. ಅವರ ಬಾಡಿಗೆ ಕರಾರು ಮುಗಿಯಿತು. ಮನೆಯ ಮಾಲೀಕರು ತಿರುವೊಟ್ಟಿಯೂರಿನಲ್ಲಿರುತ್ತಾರೆ, ಮುಂದುವರಿಸಲು ಅವರದೇನೂ ತಕರಾರಿಲ್ಲ, ಆದರೆ ನಿವಾಸಿಗಳ ಸಂಘ ಒಪ್ಪಬೇಕೆಂದರು. ಸಂಘದ ಕಾರ್ಯದರ್ಶಿ ವರದರಾಜನ್ ರೈಲ್ವೆಯಿಂದ ನಿವೃತ್ತರಾದವರು, ಕೆಟ್ಟವರಲ್ಲ, ಕೆಂಪು ದೀಪ ಕಂಡರೆ ನಿಲ್ಲುವ ಅಭ್ಯಾಸ ಮಾತ್ರ ಹೋಗಿರಲಿಲ್ಲ. ಮೊದಲ ಸಭೆ ಸುಡಾನಿನ ಪರಿಸ್ಥಿತಿಯ ಬಗ್ಗೆ ತೀವ್ರ ಕಳವಳ ವ್ಯಕ್ತಪಡಿಸಿ, ವಿಷಯವನ್ನು ಮುಂದೂಡಿತು. ಎರಡನೆಯ ಸಭೆಯನ್ನು ಬೋರ್‌ವೆಲ್ ಮೋಟಾರು ನುಂಗಿತು. ನಾಳೆ ಏನಾದರೂ ಆದರೆ ಯಾರು ಹೊಣೆ ಎಂದರೊಬ್ಬರು. ಯಾರ ಪರವೋ ಗೊತ್ತಿಲ್ಲದೆ ಹೇಗೆ ಎಂದರು ಇನ್ನೊಬ್ಬರು, ಆ ಕಾಯಿಲೆಯ ಮುದುಕರು ಒಬ್ಬ ಸೇನಾಪತಿಯನ್ನು ಫ್ರಿಜ್ಜಿನ ಹಿಂದೆ ಅಡಗಿಸಿಟ್ಟಿರಬಹುದು ಎಂಬಂತೆ. ನಾನು ಇಂಗ್ಲಿಷಿನಲ್ಲಿ ಮಾನವೀಯತೆಯ ಬಗ್ಗೆ ಸುದೀರ್ಘವಾಗಿ ಮಾತಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿ, ಮೋಟಾರಿಗೆ ಮರಳಿದರು.

ಜುಲೈ ಮೊದಲ ವಾರದ ಮೂರನೆಯ ಸಭೆಯಲ್ಲಿ ವರದರಾಜನ್ ತೀರ್ಮಾನ ಓದಿದರು. ಮಾನವೀಯ ದೃಷ್ಟಿಯಿಂದ ಈ ತಿಂಗಳ ಕೊನೆಯವರೆಗೆ ಅವಕಾಶ. ಅಷ್ಟರಲ್ಲಿ ಮನೆ ಖಾಲಿ ಮಾಡತಕ್ಕದ್ದು. ಹನಾನ್ ಬಾಗಿಲ ಬಳಿ ನಿಂತು ಕೇಳಿಸಿಕೊಂಡಳು. ಅಪ್ಪ ಆಸ್ಪತ್ರೆಯಿಂದ ಬಂದು ಒಳಗೆ ಮಲಗಿದ್ದರು.

ಐದು ಅಂಶಗಳೂ ಮುಗಿದುಹೋದ ಮನುಷ್ಯ ಪಂಚಾಂಗಕ್ಕೆ ಕೈಹಾಕುತ್ತಾನೆ. ನಾನು ಎದ್ದು, ಈಗ ಆಷಾಢ ನಡೆಯುತ್ತಿದೆ, ಆಷಾಢದಲ್ಲಿ ಯಾರಾದರೂ ಮನೆ ಬದಲಾಯಿಸುವುದುಂಟೇ, ನೀವೂ ಆಡಿ ತಿಂಗಳಲ್ಲಿ ಮಾಡುವುದಿಲ್ಲವಲ್ಲ ಎಂದೆ.

ಸಭೆಗೆ ಸಭೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೊದಲ ಮಹಡಿಯ ಕಮಲಾ ಪಾಟಿ. ಪಾಟಿ ಎಂದರೆ ಅಜ್ಜಿ; ಈ ಕಟ್ಟಡದ ಮಡಿ, ಮೈಲಿಗೆ, ರಂಗೋಲಿ ಎಲ್ಲದಕ್ಕೂ ಅವರದೇ ಕೊನೆಯ ಮಾತು. "ಅಯ್ಯೋ ಸಾರ್, ಆಡಿ ಇನ್ನುಂ ಪೊರಕ್ಕವೇ ಇಲ್ಲೆ. ಇಪ್ಪೊ ಆನಿ" ಎಂದರು. ಆಡಿ ಹುಟ್ಟೇ ಇಲ್ಲ, ಇದಿನ್ನೂ ಆನಿ ತಿಂಗಳು. ನಾವು ಚಂದ್ರನನ್ನು ನೋಡಿ ತಿಂಗಳು ಎಣಿಸಿದರೆ ಇವರು ಸೂರ್ಯನನ್ನು ನೋಡಿ ಎಣಿಸುತ್ತಾರೆ. ನಮ್ಮ ಆಷಾಢ ಮುಂಚೆ ಬಂದು ಮುಂಚೆ ಹೋಗುತ್ತದೆ. ಇಷ್ಟು ವರ್ಷ ಓದಿಸಿದ ಮೇಷ್ಟ್ರಿಗೆ ಇದು ತಿಳಿದಿರಲಿಲ್ಲ. ಗಿರಿಜಾ ನನ್ನ ಅಂಗಿ ಎಳೆದು, "ಕೂತ್ಕೊಳ್ರೀ ಸಾಕು, ಮರ್ಯಾದೆ ಇರೋ ಅಷ್ಟರಲ್ಲಿ" ಎಂದಳು.

ಕೂತೆ. ಪಾಟಿ ಮಾತ್ರ ನನ್ನ ತಪ್ಪನ್ನು ತಿದ್ದುವ ಸಂತೋಷವನ್ನು ಅಷ್ಟು ಬೇಗ ಬಿಡುವವರಲ್ಲ. ಆಡಿ ಯಾವಾಗ ಹುಟ್ಟುತ್ತದೆ, ಎಂದು ಮುಗಿಯುತ್ತದೆ ಎಂದು ಬೆರಳ ಗೆಣ್ಣಿನ ಮೇಲೆ ಎಣಿಸಿ ತೋರಿಸತೊಡಗಿದರು. ಎಣಿಸುತ್ತ ಎಣಿಸುತ್ತ ಹೆಬ್ಬೆರಳು ಒಂದು ಕಡೆ ನಿಂತಿತು. ವರದರಾಜನ್ ಕಡೆ ತಿರುಗಿ, ತಿಂಗಳ ಕೊನೆ ಅಂದೆಯಲ್ಲ, ಅದು ನಟ್ಟನಡು ಆಡಿ ಎಂದರು.

ವರದರಾಜನ್ ಕನ್ನಡಕ ತೆಗೆದು ಒರೆಸಿಕೊಂಡರು. "ಅವಂಗಳುಕ್ಕು ಏದು ಪಾಟಿ ಆಡಿ?" ಸುಡಾನಿನವರಿಗೆ ಎಲ್ಲಿಯ ಆಡಿ?

"ಅವಂಗಳುಕ್ಕು ಇಲ್ಲೆ ಪಾ. ನಮಕ್ಕು ಇರುಕ್ಕು" ಎಂದರು ಪಾಟಿ. "ಅನುಪ್ಪರದು ನಾಮದಾನೆ?"

ಅವರಿಗಿಲ್ಲ, ನಮಗಿದೆ, ಕಳಿಸುತ್ತಿರುವವರು ನಾವು ತಾನೇ. ನಾನು ಬರೆಸುವ ಟಿಪ್ಪಣಿಗಳಲ್ಲಿ ಎಲ್ಲಿಯೂ ಇಲ್ಲದ ವಾಕ್ಯ ಇದು. ನೊಂದವರು ಯಾರು, ಅವರು ನಮಗೇನಾಗಬೇಕು, ಯಾವ ಸೇನಾಪತಿ ಒಳ್ಳೆಯವನು ಎಂದು ಮೂರು ಸಭೆಗಳಿಂದ ವಿಚಾರಿಸುತ್ತಿದ್ದೆವು. ನಾವು ಯಾರು ಎಂದು ವಿಚಾರಿಸಿಕೊಂಡಿರಲಿಲ್ಲ. ಆಡಿಯಲ್ಲಿ ಮನೆ ಬಿಡಿಸಿದ ಪಾಪ ಕಟ್ಟಡಕ್ಕೆ ತಟ್ಟುತ್ತದೆ, ಮೋಟಾರಿಗೂ ತಟ್ಟಬಹುದು ಎಂಬ ಭಯ ಕುರ್ಚಿಯಿಂದ ಕುರ್ಚಿಗೆ ಹಬ್ಬಿತು. ಕೆಲವೇ ನಿಮಿಷಗಳಲ್ಲಿ ಗಡುವು ಆಡಿಯ ಮುಂದಿನ ಆವಣಿ ತಿಂಗಳಿಗೆ ಹೋಯಿತು. ಇಷ್ಟು ತ್ವರಿತವಾದ ರಾಜತಾಂತ್ರಿಕ ಕ್ರಮವನ್ನು ನಾನು ನನ್ನ ವಿಷಯದಲ್ಲಿ ಓದಿಲ್ಲ.

ಗಡುವು ಮುಂದಕ್ಕೆ ಹೋಯಿತೇ ಹೊರತು ರದ್ದಾಗಿರಲಿಲ್ಲ. ಆದರೆ ಆಡಿ ದೊಡ್ಡ ತಿಂಗಳು. ಅಮ್ಮನ ಗುಡಿಗಳಲ್ಲಿ ಕೂಳ್ ಹಂಚುತ್ತಾರೆ. ಕೂಳ್ ಎಂದರೆ ರಾಗಿಯ ಅಂಬಲಿ, ನಮ್ಮಲ್ಲಿ ಹೇಳಿದಂತೆ ಬೈಗುಳವಲ್ಲ. ಪಾಟಿ ಒಂದು ಚೊಂಬು ನೆಲಮಹಡಿಗೂ ಕಳಿಸಿದರು. ಇದು ನಮ್ಮೂರಿನದೇ, ಹೆಸರು ಮಾತ್ರ ಬೇರೆ ಎಂದು ಹನಾನ್ ಹೇಳಿಕಳಿಸಿದಳು. ಯಾವ ಧಾನ್ಯ, ಎಷ್ಟು ದಿನ ಹುಳಿ ಬರಿಸುತ್ತೀರಿ ಎಂದು ವಿಚಾರಿಸಲು ಪಾಟಿ ಖುದ್ದಾಗಿ ಇಳಿದುಹೋದರು, ಲಿಫ್ಟಿಗೂ ಕಾಯಲಿಲ್ಲ. ಅಲ್ಲಿ ಮಾತಿನ ನಡುವೆ, ಹನಾನಳ ಅಪ್ಪ ಊರಿನಲ್ಲಿ ರೈಲ್ವೆಯಲ್ಲಿದ್ದವರು ಎಂಬ ಸಂಗತಿ ಹೊರಬಿತ್ತು. ಪಾಟಿಗೆ ಗೊತ್ತಾದದ್ದು ಸಂಜೆಗೆ ವರದರಾಜನ್‌ಗೂ ಗೊತ್ತಾಯಿತು.

ಮರುದಿನ ಅವರು ಗೇಟಿನ ಬಳಿಯ ಬೆಂಚಿನ ಮೇಲೆ ಆ ಹಿರಿಯರ ಪಕ್ಕದಲ್ಲಿ ಕೂತಿದ್ದರು. ಇಬ್ಬರ ನಡುವೆ ಪೂರ್ತಿ ಭಾಷೆ ಒಂದೂ ಇರಲಿಲ್ಲ. ಸಿಗ್ನಲ್, ಗಾರ್ಡ್, ಲೇಟ್ ಎಂಬ ಮೂರು ಶಬ್ದಗಳಲ್ಲಿ, ಉಳಿದದ್ದು ಕೈಸನ್ನೆಯಲ್ಲಿ, ಎರಡು ಖಂಡಗಳ ರೈಲುಗಳು ಏಕೆ ತಡವಾಗಿ ಓಡುತ್ತವೆ ಎಂಬುದನ್ನು ಕತ್ತಲಾಗುವವರೆಗೆ ಚರ್ಚಿಸಿದರು. ಆಮೇಲೆ ಅದು ದಿನಚರಿಯಾಯಿತು. ಆಸ್ಪತ್ರೆಯ ದಿನಗಳಲ್ಲಿ ಹಿರಿಯರ ತೋಳು ಹಿಡಿದು ರಸ್ತೆ ದಾಟಿಸುವವರೂ ಈಗ ವರದರಾಜನ್ನೇ. ಒಂದು ಸಂಜೆ ಅವರು ನನ್ನನ್ನು ಗೇಟಿನಲ್ಲಿ ತಡೆದು, ಸುಡಾನಿನ ಯುದ್ಧದ ಬಗ್ಗೆ ಜಗತ್ತು ಏನೂ ಮಾಡುತ್ತಿಲ್ಲವಲ್ಲ, ಇದು ಅನ್ಯಾಯವಲ್ಲವೇ ಎಂದು ಕೋಪದಿಂದ ಕೇಳಿದರು. ಹೌದು ಸಾರ್ ಎಂದೆ. ಅಂಶಗಳನ್ನು ಹೇಳಲಿಲ್ಲ.

ಅಂದು ಊಟಕ್ಕೆ ಕೂತಾಗ, ಜಗತ್ತನ್ನೆಲ್ಲ ಹಾಗೇ ಒಂದು ಬೆಂಚಿನ ಮೇಲೆ ಕೂರಿಸಬಹುದಲ್ಲ ಎಂದಳು ಸಿರಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ತಮಿಳಿನಲ್ಲೇ ಉತ್ತರಿಸುತ್ತಾಳೆ. ಅಷ್ಟು ಉದ್ದದ ಬೆಂಚಿಲ್ಲ ಎಂದೆ. "ಚಿನ್ನ ಚಿನ್ನದಾ ನಿರೆಯ ಪೋಡಲಾಂ ಪಾ" ಎಂದಳು. ಸಣ್ಣ ಸಣ್ಣವನ್ನು ಬೇಕಾದಷ್ಟು ಹಾಕಬಹುದಂತೆ.

ಈಗ ನಮ್ಮ ಅಡುಗೆಮನೆಯಲ್ಲಿ ಎರಡು ಕ್ಯಾಲೆಂಡರು ತೂಗುತ್ತವೆ. ಆಷಾಢವನ್ನು ಬಿಟ್ಟರೆ ಕುಣಿಗಲ್ಲಿನ ನೆಂಟರು ಬಿಡುವುದಿಲ್ಲ, ಆಡಿಯನ್ನು ಬಿಟ್ಟರೆ ಪಾಟಿ ಬಿಡುವುದಿಲ್ಲ. ಹೀಗಾಗಿ ವರ್ಷದಲ್ಲಿ ಒಂದೂವರೆ ತಿಂಗಳಿಗೂ ಹೆಚ್ಚು ಕಾಲ ನಮ್ಮ ಮನೆಯಲ್ಲಿ ಒಂದು ಸೋಫಾ ಕೊಳ್ಳುವಂತೆಯೂ ಇಲ್ಲ. ಎರಡು ಊರಿಗೆ ಸೇರಿದವನಿಗೆ ಎರಡು ಊರಿನ ಶುಭ ಸಿಗುತ್ತದೋ ಇಲ್ಲವೋ ತಿಳಿಯದು, ಎರಡರ ಅಶುಭವಂತೂ ತಪ್ಪದೆ ಸಿಗುತ್ತದೆ. ಊರಿಗೆ ಹೋದಾಗ ನೀರು ಬಂತು ಎನ್ನುವ ಬದಲು ತಣ್ಣಿ ಬಂತು ಎಂದು ಬಾಯಿಗೆ ಬರುತ್ತದೆ. ಇಲ್ಲಿ ಬೀಳುವ ಕನಸುಗಳಲ್ಲಿ ಮಾತ್ರ ವರದರಾಜನ್ ಕೂಡ ಕುಣಿಗಲ್ಲಿನ ಕನ್ನಡ ಆಡುತ್ತಾರೆ.

ಆವಣಿಯ ಮೊದಲ ಭಾನುವಾರ ಸಂಘದ ಸಭೆ ಸೇರಿತು. ಕರಾರನ್ನು ಹನ್ನೊಂದು ತಿಂಗಳು ಮುಂದುವರಿಸಲು ಒಪ್ಪಿಗೆಯಿದೆ ಎಂಬ ನಿರ್ಣಯವನ್ನು ವರದರಾಜನ್ ಮಂಡಿಸಿದರು, ಪಾಟಿ ಅನುಮೋದಿಸಿದರು, ಯಾರೂ ವಿರೋಧಿಸಲಿಲ್ಲ. ಸುಡಾನಿನಲ್ಲಿ ಯುದ್ಧ ನಿಂತಿಲ್ಲ. ಹನಾನ್ ಮತ್ತು ಅವಳ ಅಪ್ಪ ನೆಲಮಹಡಿಯಲ್ಲಿದ್ದಾರೆ.