ಮೂವತ್ತಾರು ಗುಂಡಿಗಳ ಮೇಲೆ ಒಂದು ಬೆಳಗು

ಬೆಳಗಿನ ಐದೂವರೆ. ಟಿವಿ ಕೇಂದ್ರದ ಎರಡನೇ ಮಹಡಿಯ ಮೂಲೆಕೋಣೆಯಲ್ಲಿ ಇನ್ನೂ ದೀಪ ಹಾಕಿಲ್ಲ. ಕಿಟಕಿಯಿಂದ ಬರುವ ಬೂದು ಬೆಳಕೇ ಸಾಕು ಎನ್ನುತ್ತಾರೆ ಆಕೆ. ಕುರ್ಚಿಯ ಎರಡೂ ಕೈಗಳ ಮೇಲೆ ಅಂಗೈಯಗಲದ ಒಂದೊಂದು ಮರದ ತುಂಡು. ಪ್ರತಿಯೊಂದರಲ್ಲೂ ಹದಿನೆಂಟು ಗುಂಡಿ. ಹೆಡ್‌ಫೋನ್ ಏರಿಸಿ, ಬೆನ್ನು ಒರಗಿಸಿ, ಕಣ್ಣು ಅರೆಮುಚ್ಚುತ್ತಾರೆ. ನೋಡಿದವರು ತೂಕಡಿಸುತ್ತಿದ್ದಾರೆ ಅಂದುಕೊಳ್ಳಬೇಕು. ಅಷ್ಟರಲ್ಲಿ ಕೆಳಗಿನ ಸ್ಟುಡಿಯೋದಲ್ಲಿ ವಾರ್ತೆ ಶುರುವಾಗುತ್ತದೆ. ತೋಳು ಅಲ್ಲಾಡುವುದಿಲ್ಲ, ಮಣಿಕಟ್ಟು ಮಿಸುಕುವುದಿಲ್ಲ, ಬೆರಳ ತುದಿಗಳಷ್ಟೇ ಉಸಿರಾಡಿದ ಹಾಗೆ ಏರಿಳಿಯುತ್ತವೆ. ಎದುರಿನ ಪರದೆಯ ಕೆಳಗೆ, ವಾರ್ತೆ ಓದುವವಳ ಮಾತಿನ ಬೆನ್ನಿಗೇ, ಅಕ್ಷರಗಳು ತೇಲಿ ಬರುತ್ತವೆ.

ಕಿವಿ ಕೇಳದವರಿಗಾಗಿ ವಾರ್ತೆಗೆ ಅಡಿಬರಹ ಹಾಕುವುದು ಇವರ ಕೆಲಸ. ಹದಿನಾಲ್ಕು ವರ್ಷವಾಯಿತು. ಬೆಳಗಿನ ಮೂರು ವಾರ್ತೆ ಸೇರಿ ದಿನಕ್ಕೆ ಸುಮಾರು ಒಂಬತ್ತು ಸಾವಿರ ಪದ. ಪರದೆಯ ಮೇಲೆ ಇವರ ಹೆಸರು ಒಮ್ಮೆಯೂ ಬಂದಿಲ್ಲ. ಕೇಂದ್ರದಲ್ಲಿ ಇವರನ್ನು ಎಲ್ಲರೂ ಕರೆಯುವುದು ‘ತುಂಡುಮಣೆ ಅಕ್ಕ’ ಎಂದು.

ತುಂಡುಮಣೆ, ಅಂದರೆ ಈ ಮರದ ತುಂಡುಗಳ ಕೀಲಿಮಣೆ, ಬಂದು ಎರಡು ವರ್ಷವಷ್ಟೇ. ಅದಕ್ಕೂ ಮೊದಲು ಎಲ್ಲರ ಹಾಗೆ ನೂರನಾಲ್ಕು ಗುಂಡಿಯ ಉದ್ದನೆಯ ಕೀಬೋರ್ಡು. “ಮೊದಲು ಕಿರುಬೆರಳು ಜುಮ್ ಅಂತಿತ್ತು. ಆಮೇಲೆ ಮೊಣಕೈವರೆಗೂ ನೋವು. ಒಂದು ದಿನ ಲೋಟ ಹಿಡಿದಿದ್ದೀನಿ ಅಂದ್ಕೊಂಡಿದ್ದೆ, ಅದು ನೆಲದ ಮೇಲಿತ್ತು” ಎಂದು ನಿಧಾನವಾಗಿ ಹೇಳುತ್ತಾರೆ. ವೈದ್ಯರು ಎರಡು ತಿಂಗಳ ರಜೆ ಬರೆದುಕೊಟ್ಟು, ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು ಎಂದರು. ನಲವತ್ನಾಲ್ಕರ ವಯಸ್ಸಿನಲ್ಲಿ, ಟೈಪಿಂಗ್ ಬಿಟ್ಟರೆ ಬೇರೇನೂ ಕಲಿಯದವರು ಎಲ್ಲಿ ಹೋಗಬೇಕು? ಆ ದಿನಗಳಲ್ಲಿ ಇವರಿಗೆ ಅನ್ನ ಕಲಸಿಕೊಟ್ಟವರು, ಜಡೆ ಹೆಣೆದವರು ಅತ್ತೆ. “ಸೊಸೆ ಬಂದ್ರೆ ಆರಾಮಾಗಿರ್ತೀನಿ ಅಂದ್ಕೊಂಡಿದ್ದೆ, ಎರಡನೇ ಬಾಣಂತನ ಮಾಡ್ದಂಗಾಯ್ತು” ಎಂದು ಅತ್ತೆ ಈಗಲೂ ಛೇಡಿಸುತ್ತಾರೆ.

ದಾರಿ ತೋರಿಸಿದವರು ಭಾವ, ಇವರ ಒಡಹುಟ್ಟಿದ ಅಕ್ಕನ ಗಂಡ. ಅವರು ಲಿಫ್ಟ್ ರಿಪೇರಿ ಮಾಡುವವರು. ನೋಡಲು ಬಂದವರು ಮೂಲೆಯಲ್ಲಿದ್ದ ಕೀಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, “ಹತ್ತು ಮಹಡಿ ಹತ್ತಿಸೋಕೆ ನಂಗೆ ಒಂದು ಡಜನ್ ಗುಂಡಿ ಸಾಕು. ನಿಂಗ್ಯಾಕಮ್ಮ ಇಷ್ಟು?” ಎಂದರಂತೆ.

ಕೇಳಿ ಸುಮ್ಮನಾಗಲಿಲ್ಲ ಭಾವ. ಹಳೆಯ ವಾರ್ತೆಯೊಂದನ್ನು ಹಾಕಿ, ಎರಡೆರಡೇ ನಿಮಿಷ ಟೈಪ್ ಮಾಡಿಸಿ, ಯಾವ ಬೆರಳು ಎಲ್ಲಿಗೆ ಓಡುತ್ತದೆ ಎಂದು ವಾರಗಟ್ಟಲೆ ಪುಸ್ತಕದಲ್ಲಿ ಗೀಟು ಹಾಕಿದರು. ಅರ್ಧದಷ್ಟು ಗುಂಡಿಗಳನ್ನು ನಾದಿನಿ ಮುಟ್ಟುವುದೇ ಇಲ್ಲ. ಮುಟ್ಟುವ ಕೆಲವಕ್ಕಾಗಿ ಕಿರುಬೆರಳು ದಿನವಿಡೀ ಹರದಾರಿ ನಡೆಯುತ್ತದೆ. ಸದಾ ಖಾಲಿ ಕೂರುವುದು ಹೆಬ್ಬೆರಳು. “ಮನೇಲಿ ಗಟ್ಟಿಮುಟ್ಟಾದೋನು ಕೂತಿದ್ದಾನೆ, ಚಿಕ್ಕೋನ ಕೈಲಿ ಕೊಡ ಹೊರಿಸ್ತಿದ್ದೀಯ” ಎಂದು ಬೈದರು. ಕಂದು ಕಾಗದದ ಮೇಲೆ ಕೈಯೂರಿಸಿ ಸುತ್ತ ಪೆನ್ಸಿಲ್ ಎಳೆದರು. ಆ ಅಳತೆಗೆ ಎರಡು ಮರದ ತುಂಡು ಕೊರೆದು ಗುಂಡಿ ಕೂರಿಸಿದರು. ಕಿರುಬೆರಳು ಗಿಡ್ಡ, ಅದರ ಸಾಲು ಕೆಳಗೆ. ನಡುಬೆರಳು ಉದ್ದ, ಅದರ ಸಾಲು ಮೇಲೆ. ಸ್ವರಗಳೆಲ್ಲ ಎಡಗೈಗೆ, ಹೆಚ್ಚಿನ ವ್ಯಂಜನ ಬಲಗೈಗೆ. ಒತ್ತಕ್ಷರ ಒಂದು ಹೆಬ್ಬೆರಳಿಗೆ, ಮಹಾಪ್ರಾಣ ಇನ್ನೊಂದಕ್ಕೆ. ಅಂಕಿಗೆ ಬೇರೆ ಗುಂಡಿಯಿಲ್ಲ. ಹೆಬ್ಬೆರಳಿನ ಮೂಲೆಯ ಗುಂಡಿ ಒತ್ತಿದರೆ ಅಕ್ಷರಗಳೇ ಅಂಕಿಗಳಾಗುತ್ತವೆ.

ಕೈಗೆ ಹಿತವಾಯಿತು, ತಲೆಗೆ ಆಗಲಿಲ್ಲ. ನಿಮಿಷಕ್ಕೆ ನೂರರ ಹತ್ತಿರ ಪದ ಹೊಡೆಯುತ್ತಿದ್ದವರು ಹನ್ನೊಂದಕ್ಕೆ ಇಳಿದರು. “ಮಗಳು ಪಕ್ಕದಲ್ಲಿ ಕೂತು ಮುಸಿಮುಸಿ ನಗ್ತಿದ್ಳು. ನಂಗೆ ಅಳು. ‘ಅಮ್ಮ’ ಅಂತ ಬರೆಯೋಕೆ ಅವತ್ತು ಎಷ್ಟು ಹೊತ್ತಾಯ್ತು ಗೊತ್ತಾ?” ಮೂರನೇ ವಾರ ಮಧ್ಯಾಹ್ನ ಮಲಗಿದಾಗ ಒಂದು ಕನಸು: ಮಂಜಿನಾಚೆ ಯಾರೋ ಮಾತಾಡುತ್ತಿದ್ದಾರೆ, ಮುಖ ಕಾಣದು, ಆ ಮಾತೆಲ್ಲ ತನ್ನ ಬೆರಳಿಂದ ಇಳಿದು ನೀರಿನ ಮೇಲೆ ಅಕ್ಷರವಾಗಿ ಹೋಗುತ್ತಿದೆ. ಎಚ್ಚರವಾದಾಗ ಅತ್ತೆ ಪಕ್ಕದಲ್ಲಿ ಕೂತು ಹೊದಿಕೆ ಮಿಸುಕುವುದನ್ನು ನೋಡುತ್ತಿದ್ದರು. “ನಿದ್ದೇಲಿ ಇಷ್ಟೊತ್ತೂ ಬೆರಳಾಡಿಸ್ತಿದ್ದೆ ಕಣೆ. ಕಲ್ತುಬಿಟ್ಟೆ ನೀನು” ಎಂದರು.

ರಜೆ ಮುಗಿಸಿ ಬಂದ ದಿನ ಪಾಳಿಯ ಮುಖ್ಯಸ್ಥರು ಮರದ ತುಂಡುಗಳನ್ನು ನೋಡಿ, “ಮಿಕ್ಕಿದ್ದು ಎಲ್ಲಿ ಬಿಟ್ಟು ಬಂದ್ರಮ್ಮ?” ಎಂದು ಕೇಳಿದರು. ಒಂದು ಬೆಳಗಿನ ಅವಕಾಶ ಕೊಟ್ಟರು. ಪಕ್ಕದಲ್ಲೇ ಉದ್ದನೆಯ ಕೀಬೋರ್ಡಿನೊಂದಿಗೆ ಇನ್ನೊಬ್ಬರನ್ನು ಕೂರಿಸಿದರು. ಮೊದಲ ಹತ್ತು ನಿಮಿಷ ಸರಾಗ. ಹನ್ನೊಂದನೆಯದರಲ್ಲಿ ಹೆಬ್ಬೆರಳು ಮೂಲೆಗೆ ಜಾರಿ, ಒಂದಿಡೀ ಸಾಲು ಅಂಕಿಗಳೇ ಹರಿದುಹೋದವು. ಪಕ್ಕದವರು ತಮ್ಮ ಕೀಬೋರ್ಡಿಗೆ ಕೈಯಿಟ್ಟರು. “ಬೇಡ, ಇರಿ” ಎಂದಷ್ಟೇ ಹೇಳಿ ಆಕೆ ಮುಂದಿನ ವಾಕ್ಯ ಹಿಡಿದರು. ಹಿಡಿದವರು ಕೊನೆಯವರೆಗೂ ಬಿಡಲಿಲ್ಲ.

ವಾರದ ಬಳಿಕ ಕಿವಿ ಕೇಳದ ಬೇಕರಿಯವರೊಬ್ಬರ ಪತ್ರ ಬಂತು: ‘ಅಂದು ಬಂದ ಅಂಕಿಗಳನ್ನು ಫೋನ್ ನಂಬರ್ ಎಂದು ಬರೆದಿಟ್ಟುಕೊಂಡಿದ್ದೇನೆ. ಅದು ಯಾರದು?’ ಕೋಣೆಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆಕೆ ನಗಲಿಲ್ಲ. ‘ತಪ್ಪು ನನ್ನದು, ಕ್ಷಮಿಸಿ’ ಎಂದು ತಾವೇ ಉತ್ತರ ಬರೆದರು. ತಿಂಗಳಾದ ಮೇಲೆ ಮುಖ್ಯಸ್ಥರು ಪಕ್ಕದ ಕುರ್ಚಿ ತೆಗೆಸಿದರು.

ಈಗ ನೋವಿಲ್ಲವೇ ಎಂದು ಕೇಳುತ್ತೇನೆ. “ಚಳಿಗಾಲದಲ್ಲಿ ಸ್ವಲ್ಪ. ಸುಳ್ಳು ಯಾಕೆ ಹೇಳ್ಲಿ? ಬೇರೆಯವರ ಕಂಪ್ಯೂಟರ್ ಮುಂದೆ ಕೂತ್ರೆ ಇವತ್ತಿಗೂ ಪರದಾಡ್ತೀನಿ, ಒಂದು ಅರ್ಜಿ ತುಂಬೋಕೂ ಮಗಳೇ ಬೇಕು” ಎನ್ನುತ್ತಾರೆ. ಬೇರೊಂದು ಬದಲಾವಣೆಯನ್ನು ಆಕೆ ಯಾರಿಗೂ ಹೇಳಿಕೊಂಡಿರಲಿಲ್ಲ. ನೋವಿದ್ದಾಗ ಮಾತು ಹಿಡಿಯುವುದೇ ದೊಡ್ಡದಾಗಿತ್ತು. ಈಗ ಮಾತಿನ ನಡುವೆ ಕೇಳುವ ಸದ್ದಿಗೂ ಬೆರಳಿಗೆ ಬಿಡುವಿದೆ. ಮೊನ್ನೆ ದೋಣಿ ನಡೆಸುವವನೊಬ್ಬ ಫೋನಿನಲ್ಲಿ ಹೊಳೆಯ ಸುದ್ದಿ ಹೇಳುತ್ತಿದ್ದಾಗ ಪರದೆಯ ಮೇಲೆ ‘ಹಿಂದೆ ಹಕ್ಕಿ ಕೂಗುತ್ತಿದೆ’ ಎಂದೂ ಬಂತು. ಇದನ್ನು ಹಾಕಲು ಹೇಳಿದ್ದು ಯಾರು ಎಂದು ಮುಖ್ಯಸ್ಥರು ಕೇಳಿದರಂತೆ.

“‘ಯಾರೂ ಹೇಳ್ಲಿಲ್ಲ ಸಾರ್, ಕೇಳಿಸ್ತು’ ಅಂದೆ” ಎನ್ನುತ್ತಾರೆ ಆಕೆ. ಕೋಣೆಗೆ ಪೂರ್ತಿ ಬೆಳಕು ಬಂದಿದೆ. “ಯಾವ ಹಕ್ಕಿ ಅಂತ ಗೊತ್ತಾಗಿದ್ರೆ ಚೆನ್ನಾಗಿತ್ತು. ನಂಗೆ ಹಕ್ಕಿ ಹೆಸರು ಅಷ್ಟಾಗಿ ಬರಲ್ಲ. ಈ ವರ್ಷ ಒಂದಷ್ಟು ಕಲೀಬೇಕು.”