ಬಾಲೆ ಕಲ್ಲಿನ ಸುಮತಿ ಟೀಚರ್

ಸುಮತಿ ಟೀಚರ್ ಕುಳಿತದ್ದನ್ನು ನಾನು ಕಂಡದ್ದೇ ಕಡಿಮೆ. ಶಿರ್ತಾಡಿಯಿಂದ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬ ಹಿಡಿದು ನಿಂತಿರುತ್ತಿದ್ದರು. ಮಗು ಎತ್ತಿಕೊಂಡ ಹೆಂಗಸು ಯಾರಾದರೂ ಹತ್ತಿದರೆ ಸಾಕು, ಕಣ್ಣು ಅವಳ ಸೊಂಟದ ಮೇಲೆ. "ನೋಡು, ಎಡ ಸೊಂಟ. ಬಲಗೈ ಕೆಲಸಕ್ಕೆ ಬೇಕಲ್ಲ. ಹಳೇ ಶಿಲ್ಪಿಗಳಿಗೂ ಅದು ಗೊತ್ತುಂಟು," ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ಅವರು. ತಮ್ಮನ್ನು ಹೆತ್ತ ಹತ್ತೇ ದಿನಕ್ಕೆ ತೀರಿಕೊಂಡ ತಾಯಿಯ ಒಂದು ಫೋಟೋ ಕೂಡ ಅವರ ಹತ್ತಿರ ಇರಲಿಲ್ಲ. ಬಸದಿಯಲ್ಲೋ ಗುಡಿಯಲ್ಲೋ ಮಗುವನ್ನೆತ್ತಿದ ಕಲ್ಲಿನ ತಾಯಿ ಇದ್ದಾಳೆಂದು ತಿಳಿದರೆ ಮರುದಿನವೇ ಅಲ್ಲಿಗೆ ಹೋಗಿ ಚಿತ್ರ ಬಿಡಿಸುತ್ತಿದ್ದರು.

ನಮ್ಮೂರ ದೇವಸ್ಥಾನದ ಹೊರಗೋಡೆಯಲ್ಲಿ ಅಂಥದೊಂದು ಕಲ್ಲಿತ್ತು. ಬಾಲೆ ಕಲ್ಲು ಎನ್ನುತ್ತಿದ್ದೆವು; ತುಳುವಿನಲ್ಲಿ ಬಾಲೆ ಎಂದರೆ ಮಗು. ಬಾಣಂತನ ಮುಗಿಸಿದ ಹೆಂಗಸರು ಕಲ್ಲಿನ ಮಗುವಿನ ಮುಖಕ್ಕೆ ತೆಂಗಿನೆಣ್ಣೆ ಸವರಿ, ಅದೇ ಕೈಯನ್ನು ತಮ್ಮ ಮಗುವಿನ ಕೆನ್ನೆಗೆ ಒರೆಸುತ್ತಿದ್ದರು. ಎಷ್ಟೋ ತಲೆಮಾರಿನ ಕೈ ತಾಗಿ ಆ ಮುಖ ಸವೆದ ಸಾಬೂನಿನ ಹಾಗೆ ನುಣ್ಣಗಾಗಿತ್ತು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಟೀಚರ್ ನನ್ನನ್ನು ಅದರ ಎದುರು ಕೂರಿಸಿ ಚಿತ್ರ ಬಿಡಿಸಲು ಹೇಳಿದರು. ಚಂದ ಕಾಣಲಿ ಎಂದು ನಾನು ಕಣ್ಣು, ಮೂಗು, ಒಂದು ನಗು ಸೇರಿಸಿದೆ.

"ಇದು ಎಲ್ಲಿ ಉಂಟು?" ಎಂದು ಟೀಚರ್ ಕೇಳಿದರು.

"ಇಲ್ಲ ಟೀಚರ್. ಮಗುವಿಗೆ ಮುಖ ಬೇಡ್ವಾ?"

"ಆ ಮುಖ ಸವೆಸಿದ್ದು ಅಮ್ಮಂದಿರು ಮಾರಾಯ್ತಿ. ನೀನು ಅವರ ಕೈಯನ್ನೇ ಅಳಿಸಿದೆಯಲ್ಲ. ರಬ್ಬರ್ ತೆಗೆ."

ಅವರೆದುರು ಅಳಿಸಿದೆ. ಮನೆಗೆ ಬಂದು ಹಠದಿಂದ ಆ ನಗುವನ್ನೇ ಮತ್ತೆ ಬಿಡಿಸಿದೆ. ಅಪ್ಪ ಫ್ರೇಮ್ ಹಾಕಿಸಿ ಮನೆಯ ಚಾವಡಿಯಲ್ಲಿ ತೂಗುಹಾಕಿದರು.

ಹದಿನೈದು ವರ್ಷದ ಮೇಲೆ ದೇವಸ್ಥಾನದ ಜೀರ್ಣೋದ್ಧಾರ ನಡೆಯಿತು. ಅಪ್ಪ ಸಮಿತಿಯಲ್ಲಿದ್ದರು. ಫರಂಗಿಪೇಟೆಯಲ್ಲಿ ಕೆಲಸದಲ್ಲಿದ್ದ ನನಗೆ ಫೋನ್ ಮಾಡಿ, "ಬಾಲೆ ಕಲ್ಲಿಗೆ ಹೊಸ ಮುಖ ಕೆತ್ತಿಸ್ತೇವೆ. ಶಿಲ್ಪಿಗೆ ನಿನ್ನ ಚಿತ್ರವನ್ನೇ ಕೊಟ್ಟೆ," ಎಂದರು. ಆ ದನಿಯ ಹಿಗ್ಗು ಕೇಳಿ, "ಆಯ್ತಪ್ಪ," ಎಂದುಬಿಟ್ಟೆ. ಅದು ನಾನೇ ಕಲ್ಪಿಸಿದ ಮುಖ ಎನ್ನಬೇಕಿತ್ತು. ನಿವೃತ್ತರಾಗಿ ಬೆಳ್ತಂಗಡಿಯ ಅಕ್ಕನ ಮನೆಯಲ್ಲಿದ್ದ ಟೀಚರಿಗಾದರೂ ತಿಳಿಸಬೇಕಿತ್ತು. ವಾರವಿಡೀ ಫೋನ್ ಎತ್ತಿದೆ, ಇಟ್ಟೆ, ಮತ್ತೆ ಎತ್ತಿದೆ. ಕೊನೆಗೂ ಮಾಡಲಿಲ್ಲ.

ಜೀರ್ಣೋದ್ಧಾರ ಮುಗಿದು ಬ್ರಹ್ಮಕಲಶ ನಡೆದ ದಿನ ಟೀಚರ್ ಕೋಲೂರಿಕೊಂಡು ಬಂದರು. ಕಲ್ಲಿನ ಮುಂದೆ ನಿಂತು ಆ ನಗುವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ತಪ್ಪಾಯಿತು ಟೀಚರ್. ಅಪ್ಪ ಹೇಳಿದಾಗಲೇ ಬೇಡ ಅನ್ನಬೇಕಿತ್ತು."

ಅವರು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನಾಲ್ಕು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಎಣ್ಣೆ ಹಚ್ಚಲಿಕ್ಕೆ ಶುರು ಮಾಡಿ," ಎಂದರು. "ಅದು ಸವೆಯುವವರೆಗೆ ಕಾಯಲಿಕ್ಕೆ ನನಗೆ ಇನ್ನು ಸಮಯ ಇಲ್ಲ. ನಿಮಗೆಲ್ಲ ಉಂಟಲ್ಲ."

ಆ ವರ್ಷದ ಮಳೆಗಾಲದಲ್ಲಿ ಟೀಚರ್ ಹೋಗಿಬಿಟ್ಟರು. ಮೊನ್ನೆ ಮಗಳನ್ನು ಎಡ ಸೊಂಟಕ್ಕೇರಿಸಿಕೊಂಡು ದೇವಸ್ಥಾನಕ್ಕೆ ಹೋದೆ. ಕಲ್ಲಿನ ಮಗುವಿನ ಮುಖಕ್ಕೆ ಎಣ್ಣೆ ಸವರಿದೆ. ಮೂಗಿನ ಅಂಚು ಬೆರಳಿಗೆ ಚುಚ್ಚಿತು. ಇನ್ನೊಮ್ಮೆ ಸವರಿದೆ. ಮತ್ತೆ ಮಗಳ ಪುಟ್ಟ ಕೈ ಹಿಡಿದು, ಅದರಿಂದಲೂ ಒಮ್ಮೆ ಸವರಿಸಿದೆ.