ಬರಿ ಕಬ್ಬಿಣಕ್ಕೆ ಅರಿಶಿನ ಕುಂಕುಮ

ಮಾವನವರು ವಿಜಯವಾಡದಲ್ಲಿ ಓಡಿಸುತ್ತಿದ್ದ ಹಳೆಯ ಕಾರನ್ನು ನಮ್ಮ ಯಜಮಾನರು ವಿಶಾಖಪಟ್ಟಣಕ್ಕೆ ತಂದು, ಮೊದಲಿನಂತೆ ಮಾಡಬೇಕೆಂದು ಬಿಚ್ಚಿ ಹಾಕಿದ್ದರು. ಇಂಜಿನ್ನಿನ ಹೊಗೆ ಹೊರಗೆ ಒಯ್ಯುವ ಎರಕದ ಕಬ್ಬಿಣದ ಕೊಳವೆಗೆ ಯಾರೋ ಮೆಕ್ಯಾನಿಕ್ ಬೆಳ್ಳಿ ಬಣ್ಣ ಬಳಿದಿದ್ದ. ಅದನ್ನೆಲ್ಲ ತಂತಿ ಬ್ರಷ್‌ನಿಂದ ಕೆರೆದು, ಒಳಗಿನ ಬೂದು ಬಣ್ಣದ ಬರಿ ಕಬ್ಬಿಣ ಕಾಣುವಂತೆ ಮಾಡಿದರು. ಆಯುಧಪೂಜೆಗೆ ಬರುವ ಮಾವನವರು ಅದನ್ನು ನೋಡಿ ಮೆಚ್ಚಬೇಕು ಎಂಬುದೊಂದೇ ಅವರ ಆಸೆ.

ಹಬ್ಬದ ಹಿಂದಿನ ಸಂಜೆ ನಾನು ಆ ಕೊಳವೆಗೂ ನೀರಿನಲ್ಲಿ ಕಲಸಿದ ಅರಿಶಿನ ಕುಂಕುಮ ಹಚ್ಚಿ ಕೈಮುಗಿದೆ. ಸಮುದ್ರದ ಗಾಳಿ ಬೇರೆ. ಬೆಳಿಗ್ಗೆ ನೋಡಿದರೆ ಬೊಟ್ಟಿಟ್ಟಲ್ಲೆಲ್ಲ ತುಕ್ಕು.

ಅಷ್ಟರಲ್ಲಿ ಮಾವನವರು ರೈಲಿಳಿದು ಮನೆಗೆ ಬಂದೇಬಿಟ್ಟರು. ಯಜಮಾನರು ಮುಖ ಗಂಟಿಕ್ಕಿಕೊಂಡೇ ಕೊಳವೆ ತೋರಿಸಿದರು. ಮಾವನವರು ಬಗ್ಗಿ ನೋಡಿ, "ಏನಮ್ಮಾ, ಕಬ್ಬಿಣಕ್ಕೆ ಸ್ನಾನಾನೂ ಮಾಡಿಸಿದ್ಯಾ?" ಎಂದರು. ಆಮೇಲೆ ಮಗನಿಗೆ, "ಬ್ರಷ್ ತಾರೋ, ಇಬ್ಬರೂ ಉಜ್ಜೋಣ. ನಾನು ತಗೊಂಡಾಗ ಇದು ಹಿಂಗೇ ಬೂದಿ ಬಣ್ಣ ಇತ್ತು," ಎಂದರು.

ಯಜಮಾನರ ಮುಖ ಸಡಿಲವಾಯಿತು. ಉಜ್ಜಿ ಮುಗಿಸಿದ ಮೇಲೆ ಅವರೇ ನನ್ನನ್ನು ಕರೆದು, "ಈ ಸಲ ಎಣ್ಣೇಲಿ ಕಲಸಿ ಹಚ್ಚು," ಎಂದರು. ಪೂಜೆಯೇ ಬೇಡ ಎನ್ನಲಿಲ್ಲ. ಅಷ್ಟರಮಟ್ಟಿಗೆ ದೇವರು ದೊಡ್ಡವನು.